ಜೋಳ ಕೊಯ್ದ ಮೇಲಿನ ದಾರಿ

ನನಗೆ ನೆನಪಿರುವುದು ಹೀಗೆ. ಬೇಸಿಗೆ, ಹೊತ್ತು ನೆತ್ತಿಯ ಮೇಲೆ. ಜೋಳ ಕೊಯ್ದು ಬರಿದಾದ, ಕರಿಮಣ್ಣಿನ ಎರೆಹೊಲ. ಎರಡೂ ಕಡೆ ಕೂಳೆ, ನಡುವೆ ಬಂಡಿಯ ಗಾಲಿಗಳು ಅರೆದು ಹಿಟ್ಟು ಮಾಡಿದ ಮಣ್ಣಿನ ಎರಡು ಪಟ್ಟಿ. ನನ್ನ ಎಡಗಾಲಿನ ಚಪ್ಪಲಿಯ ಉಂಗುಟ ಹರಿದಿದೆ, ಅದನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದೇನೆ. ದಾರಿಯ ತುದಿಗೆ ಒಂದು ಬನ್ನಿಗಿಡ. ಅಂಗಾಲು ಸುಡುತ್ತಿದೆ.

ಈ ನೆನಪಿನ ಬಲದ ಮೇಲೆ ನಾನು ಒಬ್ಬ ಹೆಣ್ಣುಮಗಳ ಮೇಲೆ ತಪ್ಪು ಹೊರಿಸಿದೆ. ಇನ್ನೊಬ್ಬ ಹೆಣ್ಣುಮಗಳ ಹೊಲದ ದಾರಿ ನಕ್ಷೆಯಿಂದ ಕಾಯಂ ಆಗಿ ಹೋಗುವ ಹೊತ್ತಿಗೆ ಹಟ ಹಿಡಿದು ಕುಳಿತೆ. ಹೊಸ ಶತಮಾನದ ಮೊದಲ ಎರಡು ಮೂರು ವರ್ಷಗಳ ಮಾತು ಅದು. ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ಖಚಿತವಾಗಿ ಹೇಳುವ ಚಾಳಿಯನ್ನೇ ಆಮೇಲೆ ಬಿಟ್ಟೆ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಧಾರವಾಡದಲ್ಲಿ ಭೂಗೋಳ ಓದಿದವನು. ಪ್ರಬಂಧಕ್ಕಾಗಿ ಒಂದು ಕೆಲಸ ಹಚ್ಚಿಕೊಂಡಿದ್ದೆ. ನವಿಲುತೀರ್ಥದ ಅಣೆಕಟ್ಟು ಆಗುವ ಮುಂಚೆ ಹೊಳೆ ಎಲ್ಲಿ ಹರಿಯುತ್ತಿತ್ತು ಎಂದು ಹಿನ್ನೀರಿನ ಸುತ್ತಲಿನ ಹಿರಿಯರನ್ನು ಕೇಳುವುದು, ಅವರ ಕೈಯಲ್ಲೇ ಗೆರೆ ಎಳೆಸುವುದು, ಹಳೆಯ ನಕ್ಷೆಯ ಮೇಲೆ ಅದನ್ನಿಟ್ಟು ನೋಡುವುದು. ಒಬ್ಬರ ಗೆರೆಯೂ ಕೂಡಲಿಲ್ಲ. ಪ್ರತಿಯೊಬ್ಬರೂ ಹೊಳೆಯನ್ನು ತಮ್ಮ ತಮ್ಮ ಮನೆಯ ಹತ್ತಿರಕ್ಕೆ ಎಳೆದುಕೊಂಡಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅದೇ ನನ್ನನ್ನು ಕಾಡಿದ್ದು. ಅಂದಿನಿಂದ ಯಾರಾದರೂ 'ನನಗೆ ಚೆನ್ನಾಗಿ ನೆನಪಿದೆ' ಎಂದರೆ ನನಗೆ ಕುಳಿತಲ್ಲಿ ಕುಳಿತುಕೊಳ್ಳಲು ಆಗುತ್ತಿರಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ಬೈಲಹೊಂಗಲದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಕಚೇರಿ ಇತ್ತು. ಕಾಲುವೆ ನೀರಿನ ಕೆಲಸಕ್ಕಾಗಿ ಹಳ್ಳಿಗಳ ಹಳೆಯ ಕಾಗದದ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಗುತ್ತಿಗೆ. ನಡೆಸುತ್ತಿದ್ದವರು ನಿವೃತ್ತ ಮೋಜಣಿದಾರರು. ಹೊಲ ಅಳೆಯುವುದರಲ್ಲೇ ಆಯುಷ್ಯ ಕಳೆದವರು, ಮನೆ ರಾಮದುರ್ಗದಲ್ಲಿ. ಗೆರೆ ಎಳೆಯುವ ಕೆಲಸ ನನ್ನದು ಮತ್ತು ಕಿತ್ತೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿಯದು. ನಕ್ಷೆ ಬರೆಯುವ ಕೋರ್ಸು ಮುಗಿಸಿದ್ದಳು. ನನಗಿಂತ ಆರೇಳು ವರ್ಷ ಚಿಕ್ಕವಳು, ಕೈ ನನಗಿಂತ ಸ್ಥಿರ, ನಾಲಿಗೆ ನನಗಿಂತ ಚುರುಕು.

ಕೆಲಸದ ಕ್ರಮವನ್ನು ಹಾಕಿದವನು ನಾನೇ. ಗೋಡೆಗೆ ಒಂದು ಹಲಗೆ, ಹಲಗೆಗೆ ಸಾಲಾಗಿ ಮೊಳೆ. ಪ್ರತಿ ಹಳ್ಳಿಗೂ ಒಂದು ರಟ್ಟಿನ ಬಿಲ್ಲೆ. ನಕ್ಷೆ ಸ್ಕ್ಯಾನ್ ಆಗಿ ಬಂದಾಗ ಬಿಲ್ಲೆ ಮೊದಲ ಮೊಳೆಗೆ. ಅದರ ಮೇಲೆ ಗೆರೆ ಎಳೆಯುತ್ತಿರುವವರು ಬಿಲ್ಲೆಯನ್ನು ತಮ್ಮ ಮೇಜಿನ ಮೇಲಿಟ್ಟುಕೊಳ್ಳಬೇಕು. ಬಿಲ್ಲೆ ಯಾರ ಮೇಜಿನ ಮೇಲಿದೆಯೋ ಅವರನ್ನು ಬಿಟ್ಟು ಬೇರೆಯವರು ಆ ಹಳ್ಳಿಯ ಫೈಲನ್ನು ಮುಟ್ಟುವಂತಿಲ್ಲ. ಗೆರೆ ಮುಗಿದರೆ ತಪಾಸಣೆಯ ಮೊಳೆ, ಹಳ್ಳಿಗೆ ಹೋಗಿ ನೋಡಿ ಬಂದರೆ ಸ್ಥಳದ ಮೊಳೆ, ಕೊನೆಗೆ ಮುದ್ರಣದ ಮೊಳೆ. ಆ ಕೊನೆಯ ಮೊಳೆಗೆ ಹೋದ ಹಳ್ಳಿಯ ಫೈಲಿಗೆ ಬೀಗ. ತಿರುಗಿ ತೆರೆಯಬೇಕಾದರೆ ತಪ್ಪು ಬದಲಾವಣೆ ಮಾಡಿದವರೇ ಒಂದು ಚೀಟಿ ಬರೆಯಬೇಕು. ಏನು ಬದಲಿಸಿದೆ, ಯಾವ ಆಧಾರದ ಮೇಲೆ, ಯಾಕೆ ತಪ್ಪಾಯಿತು, ಕೆಳಗೆ ಸಹಿ. ಈ ನಿಯಮ ಇಲ್ಲದಿದ್ದರೆ ಊರಿನ ದೊಡ್ಡವರು ಯಾರಾದರೂ ಬಂದು ಚಹಾ ಕುಡಿಸಿ ಗೆರೆ ಸರಿಸಿಕೊಂಡು ಹೋಗುತ್ತಾರೆ ಎಂಬುದು ನನ್ನ ವಾದ.

ಇದರ ಜೊತೆಗೆ ಒಂದು ರಿಜಿಸ್ಟರು. ಯಾವುದೇ ಗೆರೆ ಅಳಿಸಲಿ, ಸರಿಸಲಿ, ಅಂದೇ ಅದರಲ್ಲಿ ಬರೆಯಬೇಕು. ಅದರ ಮೇಲಿನ ಗೋಡೆಗೆ ನಾನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದ ಹಾಳೆ: 'ನೆನಪು ಸಾಕ್ಷಿ ಅಲ್ಲ.'

ಕಂಪ್ಯೂಟರ್ ಕೂಡ ತನ್ನದೊಂದು ದಾಖಲೆ ಇಡುತ್ತಿತ್ತು. ಯಾವ ಗೆರೆಯನ್ನು ಯಾರು ಯಾವಾಗ ಮುಟ್ಟಿದರು ಎಂದು ತಾನೇ ಬರೆದುಕೊಳ್ಳುತ್ತಿತ್ತು. ಆದರೆ ದಿನಕ್ಕೆ ಮೂರು ನಾಲ್ಕು ಸಲ ಕರೆಂಟು ಹೋಗಿ, ಬಂದಾಗಲೆಲ್ಲ ಹೆಸರು ಪಾಸ್‌ವರ್ಡ್ ಹೊಡೆದು ಒಳಗೆ ಹೋಗಬೇಕು. ಬೆಳಿಗ್ಗೆ ಮೊದಲು ಬರುತ್ತಿದ್ದವನು ನಾನಾದ್ದರಿಂದ ಎರಡೂ ಯಂತ್ರಗಳಲ್ಲಿ ನನ್ನ ಹೆಸರನ್ನೇ ಹೊಡೆದಿಡುತ್ತಿದ್ದೆ. ಪಾಸ್‌ವರ್ಡನ್ನು ಒಂದು ಚೂರು ಕಾಗದದಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದೆವು. ಹುಡುಗಿಗೆ ಬೇರೆ ಹೆಸರು ಮಾಡಿಕೊಡಲು ಅರ್ಧ ಗಂಟೆ ಸಾಕಿತ್ತು. ನಾಳೆ ಮಾಡೋಣ ಎಂದು ಎರಡು ವರ್ಷ ಕಳೆದೆ. ಯಾರನ್ನೂ ನಂಬಬಾರದು ಎಂದು ಹಲಗೆ, ಬಿಲ್ಲೆ, ಬೀಗ ಎಲ್ಲ ಮಾಡಿದವನು ಹೀಗೆ ಮಾಡಿದ್ದೆ.

ಆ ಹೆಂಗಸು ಬಂದದ್ದು ಹಿಂಗಾರಿ ಜೋಳ ಬಲಿಯುವ ದಿನಗಳಲ್ಲಿ. ಸವದತ್ತಿ ತಾಲ್ಲೂಕಿನ, ಮುನವಳ್ಳಿಯಿಂದ ಆಚೆಗಿನ ಒಂದು ಹಳ್ಳಿಯವರು. ಐವತ್ತರ ಆಸುಪಾಸು, ಇಳಕಲ್ ಸೀರೆ, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ನಾವು ಮುದ್ರಿಸಿದ ನಕ್ಷೆಗಳನ್ನು ತಕರಾರು ಇದ್ದವರು ನೋಡಿ ಹೇಳಲಿ ಎಂದು ಆಯಾ ಊರಿನ ಚಾವಡಿಯಲ್ಲಿ ಒಂದು ತಿಂಗಳು ತೂಗುಹಾಕುತ್ತಿದ್ದೆವು. ಅದನ್ನೇ ಮೊಳೆಯಿಂದ ಬಿಚ್ಚಿ ತಂದಿದ್ದರು.

"ಇದನ್ನ ಅಲ್ಲಿಂದ ತರಬಾರದಿತ್ತು" ಎಂದೆ.

"ನೀವು ಇದರಾಗಿಂದ ನಮ್ಮ ದಾರಿ ತಗೀಬಾರದಿತ್ತು" ಎಂದು ಅವರು ಕುರ್ಚಿಗೆ ಕಾಯದೆ ನೆಲದ ಮೇಲೆ ಕುಳಿತು ನಕ್ಷೆ ಬಿಡಿಸಿದರು. ಬೆರಳಿನಿಂದ ತೋರಿಸಿದರು. "ಇದು ನಮ್ಮ ಹೊಲ. ಇದು ನಮ್ಮ ಬಾಜೂದವ್ರದು. ಅವರ ಹೊಲದಾಗ ಹಾದು ನಮ್ಮ ಬಂಡಿ ಹೋಗೂದು. ನಾ ಮದವಿ ಆಗಿ ಬಂದಾಗಿಂದ ಹೊಂಟೇನಿ. ಈಗ ಅವರು ಅಂತಾರ, ನಕ್ಷಾದಾಗ ದಾರಿ ಇಲ್ಲ, ಈ ಸಲ ಬಿಡಂಗಿಲ್ಲ."

"ಬೇರೆ ಕಡೆಯಿಂದ ಹೋಗಲಿಕ್ಕೆ ಆಗೋದಿಲ್ಲೇನು?"

"ಹಿಂದ ಹಳ್ಳ ಐತ್ರಿ. ದಂಡಿ ಇಷ್ಟ ಎತ್ತರ." ಅವರು ತಮ್ಮ ತಲೆಯ ಮೇಲೆ ಕೈ ಎತ್ತಿ ತೋರಿಸಿದರು. "ಬಂಡಿ ಇಳಸಬೇಕಂದ್ರ ಎತ್ತಿನ ಕಾಲು ಮುರದು ಇಳಸಬೇಕು. ಇನ್ನ ಇಪ್ಪತ್ತ ಇಪ್ಪತ್ತೈದ ದಿನಕ್ಕ ಜ್ವಾಳ ಕೊಯ್ಲಿಗೆ ಬರತಾವು. ತೆನಿ ಹೆಂಗ ತರಲಿ, ದನಕ್ಕ ಕಣಕಿ ಹೆಂಗ ತರಲಿ? ಒಂದ ವರ್ಷ ತಲಿ ಮ್ಯಾಲ ಹೊರತೇನಿ. ಮುಂದ?"

ವಿಷಯ ಅಷ್ಟೇ ಇತ್ತು. ತಕರಾರಿನ ತಿಂಗಳು ಮುಗಿದರೆ ಹಾಳೆಗಳು ಕಾಯಂ ಆಗಿ ಬೆಳಗಾವಿಯ ಸರ್ಕಾರಿ ಕಚೇರಿಗೆ ಹೋಗುತ್ತಿದ್ದವು. ಹೋದ ಮೇಲೆ ಆ ಗೆರೆಯನ್ನು ತಿರುಗಿ ತರುವುದು ನನ್ನ ಕೈಯಲ್ಲಿ ಇರಲಿಲ್ಲ, ಆ ಹೆಂಗಸಿನ ಕೈಯಲ್ಲಂತೂ ಇಲ್ಲವೇ ಇಲ್ಲ.

ಹಳೆಯ ಕಾಗದದ ನಕ್ಷೆ ತೆಗೆದು ನೋಡಿದೆ. ದಾರಿ ಇತ್ತು. ಎರಡು ಸಾಲು ಚುಕ್ಕೆಗಳು, ಪಕ್ಕದವರ ಹೊಲದ ಮಧ್ಯದಿಂದ ಆಕೆಯ ಹೊಲದ ಮೂಲೆಯವರೆಗೆ. ಕಂಪ್ಯೂಟರಿನಲ್ಲಿ ಅದು ಇರಲಿಲ್ಲ. ಯಂತ್ರದ ದಾಖಲೆ ತೆರೆದೆ. ದಾರಿಯ ಗೆರೆಯನ್ನು ಎಳೆಯಲಾಗಿತ್ತು, ಕೆಲವು ತಿಂಗಳ ನಂತರ ಅಳಿಸಲಾಗಿತ್ತು. ಎಳೆದವರ ಹೆಸರು ನನ್ನದು, ಅಳಿಸಿದವರ ಹೆಸರು ನನ್ನದು.

ಅಷ್ಟರಲ್ಲಿ ಆ ನೆನಪು ಬಂತು. ಸುಡುವ ಮಣ್ಣು, ಹರಿದ ಚಪ್ಪಲಿ, ಬನ್ನಿಗಿಡ. ನಾನು ಆ ದಾರಿಯಲ್ಲಿ ನಡೆದಿದ್ದೇನೆ, ನಡೆದವನು ಯಾಕೆ ಅಳಿಸುತ್ತೇನೆ? ನಾನು ತಿರುಗಿ ಕಿತ್ತೂರಿನ ಹುಡುಗಿಗೆ, ಆ ಹೆಂಗಸಿನ ಎದುರಿಗೇ ಹೇಳಿದೆ: "ಇದು ನೀವು ಅಳಿಸಿದ್ದು. ನನ್ನ ಹೆಸರಿನಲ್ಲಿ ಕೂತಾಗ. ನಾನು ಆ ದಾರಿ ಕಣ್ಣಾರೆ ನೋಡಿದ್ದೇನೆ, ನನಗೆ ಚೆನ್ನಾಗಿ ನೆನಪಿದೆ."

ಹುಡುಗಿ ಮೌಸ್ ಬಿಟ್ಟು ನನ್ನ ಕಡೆ ನೋಡಿದಳು. ಆಮೇಲೆ ಗೋಡೆಯ ಮೇಲಿನ ಹಾಳೆಯ ಕಡೆ ನೋಡಿದಳು.

"ಸವದತ್ತಿ ಕಡೇ ಬಿಲ್ಲೆ ಒಂದೂ ನನ್ನ ಟೇಬಲ್ಲಿಗೆ ಬಂದಿಲ್ಲ, ಸರ. ನಂದು ಕಿತ್ತೂರ ಕಡೇದು, ಬೈಲಹೊಂಗಲದು."

"ಬಿಲ್ಲೆ ಇಲ್ಲದೇನೂ ಫೈಲು ತೆರೆಯಬಹುದು."

"ತೆರೀಬಹುದು. ಮಷೀನ್ ಪ್ರಕಾರ ಎಲ್ಲಾ ಊರಿನ ಕೆಲಸಾನೂ ನೀವೊಬ್ರ ಮಾಡೀರಿ, ನಾ ಎರಡ ವರ್ಷ ಬಸ್ಸಿನ್ಯಾಗ ಕುಂತ ಬಂದು ಕುಂತ ಹೋಗೇನಿ." ಅವಳು ದನಿ ಏರಿಸಲಿಲ್ಲ. "ರಿಜಿಸ್ಟರ್ ತಗೀರಿ. ಅದರಾಗ ಕೈಬರಹ ಇರತೈತಿ."

ಆ ಹಿಂದಿನ ವರ್ಷದ ರಿಜಿಸ್ಟರು ಕಚೇರಿಯಲ್ಲಿ ಇರಲಿಲ್ಲ. ಮೋಜಣಿದಾರರು ರಾಮದುರ್ಗದ ಮನೆಗೆ ಒಯ್ದಿದ್ದರು. ಮೊಣಕಾಲು ನೋವಿನಿಂದ ಅವರು ಬೈಲಹೊಂಗಲಕ್ಕೆ ಬಂದು ಮೂರು ವಾರವಾಗಿತ್ತು. ನೋಡಿ ಹೇಳುತ್ತೇನೆ ಎಂದು ಆ ಹೆಂಗಸನ್ನು ಕಳಿಸಿದೆ. ಅವರು ಮೆಟ್ಟಿಲು ಇಳಿಯುವಾಗ, "ನೋಡಾಕ ಎಷ್ಟ ದಿನಾ ಬೇಕ್ರಿ?" ಎಂದು ಕೇಳಿದರು. ಅಳಿಸಿದವರು ಯಾರೆಂದು ತಿಳಿದು ಅವರು ಚೀಟಿ ಬರೆಯುವವರೆಗೆ ಫೈಲಿನ ಬೀಗ ತೆಗೆಯುವಂತಿರಲಿಲ್ಲ.

ಮರುದಿನದಿಂದ ಹುಡುಗಿ ನನ್ನ ಹತ್ತಿರ ಕೆಲಸಕ್ಕೆ ಬೇಕಾದಷ್ಟೇ ಮಾತಾಡತೊಡಗಿದಳು. ಬುತ್ತಿಯನ್ನು ಬೇರೆ ಕೋಣೆಗೆ ಒಯ್ದಳು. ನಾನು ಕುಳಿತರೆ ಏಳುತ್ತಿದ್ದೆ, ಎದ್ದರೆ ಬಿಲ್ಲೆಗಳನ್ನು ಎಣಿಸುತ್ತಿದ್ದೆ. ರಾಮದುರ್ಗಕ್ಕೆ ಹೋಗಿಬರುವುದು ಒಂದು ದಿನದ ಕೆಲಸ, ಹನ್ನೊಂದು ದಿನ ಹೋಗಲಿಲ್ಲ. ಕೆಲಸ ಬಹಳ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸ ಬಹಳವೇ ಇತ್ತು, ಅದೂ ನಿಜ. ದಿನಾ ಸಂಜೆ ಆ ಹಳ್ಳಿಯ ಫೈಲನ್ನು ತೆರೆದು, ಬೀಗ ಬಿದ್ದ ಹಾಳೆಯಲ್ಲಿ ದಾರಿ ಇರಬೇಕಾದ ಜಾಗವನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ದೊಡ್ಡದು ಮಾಡಿದಷ್ಟೂ ಅಲ್ಲಿ ಬರೀ ಬಿಳಿ. ನೋಡುತ್ತ ನೋಡುತ್ತ ನೆನಪು ಇನ್ನಷ್ಟು ಸ್ಪಷ್ಟವಾಗುತ್ತಿತ್ತು. ಬನ್ನಿಗಿಡದ ಕೆಳಗೆ ಒಂದು ಕಲ್ಲು ಬಂತು. ಆಮೇಲೆ ಕಲ್ಲಿಗೆ ಸುಣ್ಣ ಬಂತು. ಒಂದು ನೆನಪಿಗೆ ದಿನಕ್ಕೊಂದು ಹೊಸ ಸಾಮಾನು ಹೇಗೆ ಬರುತ್ತದೆ ಎಂದು ಧಾರವಾಡದಲ್ಲಿ ಓದಿದವನು ಕೇಳಬೇಕಿತ್ತು. ಕೇಳಲಿಲ್ಲ.

ಹನ್ನೆರಡನೆಯ ದಿನ ಆ ಹೆಂಗಸು ಕೆಳಗಿನ ಬಟ್ಟೆ ಅಂಗಡಿಗೆ ಫೋನು ಮಾಡಿದ್ದರಂತೆ. ಅಂಗಡಿಯವರು ಮೇಲೆ ಬಂದು ಹೇಳಿದರು: "ಸವದತ್ತಿ ಕಡೇ ಅಕ್ಕಾರು, ಜ್ವಾಳ ಬಲ್ತು ನಿಂತಾವು ಅಂತ ಹೇಳಂದ್ರು. ಅಷ್ಟ ಹೇಳಿದ್ರ ಅವರಿಗೆ ತಿಳೀತೈತಿ ಅಂದ್ರು."

ಹುಡುಗಿ ಪರದೆಯಿಂದ ಕಣ್ಣು ತೆಗೆಯದೆ, "ಬೆಳಿಗ್ಗೆ ಎಂಟಕ್ಕ ರಾಮದುರ್ಗ ಗಾಡಿ ಐತ್ರಿ" ಎಂದಳು.

ಮೋಜಣಿದಾರರು ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಕುಳಿತಿದ್ದರು. ಮೊಣಕಾಲಿಗೆ ಎಕ್ಕೆಯ ಎಲೆ ಕಟ್ಟಿದ್ದರು. ಎದುರು ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ, ಬನ್ನಿಗಿಡವನ್ನೂ ಬಿಡದೆ. ಅವರು ರಿಜಿಸ್ಟರನ್ನು ನನ್ನ ತೊಡೆಯ ಮೇಲಿಟ್ಟರು. ಪುಟ ತಿರುವುವುದು ನನ್ನ ಕೆಲಸ ಎಂಬಂತೆ.

ಸಿಕ್ಕಿತು. ಹಳ್ಳಿಯ ಹೆಸರು, ಹೊಲದ ಸಂಖ್ಯೆ, ಮುಂದೆ ಒಂದು ಸಾಲು: 'ಸ್ಥಳ ತಪಾಸಣೆಯಲ್ಲಿ ಬಂಡಿದಾರಿ ಕಂಡುಬಂದಿಲ್ಲ. ಪೂರ್ತಿ ಬೆಳೆ ನಿಂತಿದೆ. ಗೆರೆ ತೆಗೆದಿದೆ.' ಅದು ನನ್ನ ಕೈಬರಹ. ನನ್ನ ಹಾಗೆ 'ಳ'ದ ಕೊಂಡಿಯನ್ನು ಅರ್ಧಕ್ಕೇ ಬಿಡುವ ಇನ್ನೊಬ್ಬರನ್ನು ನಾನು ನೋಡಿಲ್ಲ. ಬದಿಯಲ್ಲಿ, ತಾರೀಖಿನ ಜೊತೆಗೆ, ಯಾಕೋ 'ಎಳ್ಳಮಾಸಿ ಮರುದಿನ ನಮೂದು' ಎಂದೂ ಬರೆದಿದ್ದೆ. ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ, ಬುತ್ತಿ ಒಯ್ದು ನಿಂತ ಬೆಳೆಗೆ ಚರಗ ಚೆಲ್ಲಿ ಹೊಲದಲ್ಲೇ ಉಣ್ಣುವ ಚಳಿಗಾಲದ ಹಬ್ಬ.

"ಎಳ್ಳಮಾಸಿಗೆ ಹೋಗೀರಿ" ಎಂದರು ಮೋಜಣಿದಾರರು. "ಎದಿಮಟ ಜ್ವಾಳ. ದಾರಿ ಎಲ್ಲಿಂದ ಕಾಣಬೇಕು?"

"ಬೆಳೆಯೊಳಗೆ ದಾರಿ ಬಿಡೋದಿಲ್ಲೇನ್ರಿ?"

"ಎಂ.ಎ. ಮಾಡೀರಲ್ಲಾ ನೀವು. ಎರೀ ಹೊಲದಾಗ ಯಾರರ ದಾರಿ ಖಾಲಿ ಬಿಡತಾರೇನ್ರಿ? ಬಿತ್ತೂ ಮುಂದ ಹೊಲದವ್ರು ದಾರೀನೂ ಕೂಡಿಸಿ ಬಿತ್ತತಾರ. ಕೊಯ್ದ ಮ್ಯಾಲ ಬಿಟ್ಟ ಕೊಡತಾರ. ಮತ್ತ ಬಿತ್ತೂತನಕ ಬಂಡಿ ಅಡ್ಡಾಡತಾವು. ಮುಂದಿನ ಹೊಲದವ್ರು ಮೊದಲ ಕೊಯ್ಯಬೇಕು, ಹಿಂದಿನವ್ರು ಆಮ್ಯಾಲ. ಹಿಂದಿನವ್ರ ಬಂಡಿ ಹೋದ್ರ ದಾರಿ ತೆರೀತು. ನಮ್ಮ ಅಪ್ಪನ ಕಾಲದಿಂದಲೂ ಹಿಂಗ ಐತಿ. ನಾವು ಬ್ಯಾಸಗ್ಯಾಗ ಅಳೀತಿದ್ವಿ. ನೀವು ಫಾರ್ಮ್ ತುಂಬೂ ಅವಸರದಾಗ ಚಳಿಗಾಲದಾಗ ಹೋದ್ರಿ."

ವರ್ಷದಲ್ಲಿ ಅರ್ಧಕ್ಕರ್ಧ ಇದ್ದು ಅರ್ಧಕ್ಕರ್ಧ ಇಲ್ಲದ ದಾರಿ. ನಮ್ಮ ಫೈಲಿನಲ್ಲಿ ಗೆರೆ ಇತ್ತು ಅಥವಾ ಇರಲಿಲ್ಲ. ಮೂರನೆಯದಕ್ಕೆ ಸಂಕೇತವೇ ಇರಲಿಲ್ಲ.

"ಚೀಟಿ ಬರೀರಿ, ಫೈಲ್ ತಗೀರಿ" ಎಂದರು ಅವರು.

"ಬರೆಯೋದು ಹೇಗೆ? ಹೋದದ್ದೇ ನನಗೆ ನೆನಪಿಲ್ಲ. ನೆನಪಿರೋದು ಬೇಸಿಗೆ. ನೆನಪಿಲ್ಲದ್ದಕ್ಕೆ ಸಹಿ ಹಾಕೋದು ಸುಳ್ಳು ಹೇಳಿದ ಹಾಗೆ."

"ಹಂಗಂದ್ರ ರಿಜಿಸ್ಟರ್ ಸುಳ್ಳೇನು?"

"ಸುಳ್ಳಲ್ಲ."

"ಗ್ವಾಡಿಗೆ ಹಾಳಿ ಹಚ್ಚಿದವ್ರು ಯಾರು?"

ನಾನು ಎದ್ದು ಬಾಗಿಲಿಗೆ ಹೋಗಿ ನಿಂತೆ. ಹಿಂದಿನಿಂದ ಅವರು ಅಂದರು: "ಅಡ್ಡಾಡಬ್ಯಾಡ್ರಿ, ನನಗ ಮೊಣಕಾಲ ನೋಯಾಕ ಹತ್ತತಾವು. ಸಹಿ ಹಾಕಾಕ ಮನಸ ಬರವಲ್ದಂದ್ರ ಇಳದ ಹೋಗ್ರಿ ಆ ಊರಿಗೆ. ನಿಮ್ಮನ್ನ ನೀವ ಕೇಳಿ ಬಗೀಹರಿಯಂಗಿಲ್ಲ, ಮಂದೀನ ಕೇಳ್ರಿ."

ವಾಪಸು ಬರುವಾಗ ಸವದತ್ತಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಉಳಿದದ್ದನ್ನು ನಡೆದು ಆ ಹಳ್ಳಿ ಮುಟ್ಟಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಪಕ್ಕದ ಹೊಲದವರು ಬದುವಿನ ಮೇಲೆ ಕುಡಗೋಲು ಮಸೆಯುತ್ತಿದ್ದರು. ನನಗಿಂತ ಸ್ವಲ್ಪ ದೊಡ್ಡವರು, ಗಟ್ಟಿ ಆಳು. ನಾನು ಪರಿಚಯ ಹೇಳಿಕೊಳ್ಳಲು ಬಾಯಿ ತೆರೆಯುವ ಮುಂಚೆಯೇ ಅವರು ನಕ್ಕರು.

"ಬರ್ರಿ, ನಕ್ಷಾದ ಸಾಹೇಬ್ರು. ಈ ಸಲ ಎಳ್ಳಮಾಸಿ ಆಗಿಹ್ವಾತು. ಬುತ್ತಿ ಇಲ್ಲ."

"ನಾನು ಬಂದಿದ್ದೆನೇನು?"

"ಬಂದಿದ್ರೇನು ಅಂದ್ರ? ಹ್ವಾದ ವರ್ಷ ನಾವು ಹೊಲದಾಗ ಚರಗಾ ಚೆಲ್ಲಿ ಊಟಕ್ಕ ಕುಂತಾಗ ಬಂದ್ರಿ. ಇಲ್ಲೇ, ಈ ಕಲ್ಲಿನ ಮ್ಯಾಲ ಕುಂತ್ರಿ. ಸಜ್ಜಿ ಕಡಬು ಎರಡ ತಿಂದ್ರಿ, ಪುಂಡಿ ಪಲ್ಯಾ ಬ್ಯಾಡಂದ್ರಿ. ಹೊಲದ ಕಡೆ ಹಿಂಗ ನೋಡಿದ್ರಿ, ಬರಕೊಂಡ್ರಿ, ಹ್ವಾದ್ರಿ."

"ದಾರಿ ಬಗ್ಗೆ ನಿಮ್ಮನ್ನ ಕೇಳಲಿಲ್ಲ?"

"ನೀವು ಕೇಳಲಿಲ್ಲ. ನಾ ಹೇಳಲಿಲ್ಲ."

ಅದರಲ್ಲಿ ಮೋಸ ಇರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹೇಳುತ್ತಿರಲಿಲ್ಲ. ಮುಂದಿನ ವರ್ಷ ಕಾಲುವೆಯ ನೀರು ಅವರ ಹೊಲಕ್ಕೆ ಬರುವುದಿತ್ತು. ಜೋಳ ಕೊಯ್ದ ಕೂಡಲೇ ಇನ್ನೊಂದು ಪೀಕು ಹಾಕಬಹುದಿತ್ತು. ನಡುವೆ ಬಂಡಿದಾರಿ ಇದ್ದರೆ ಅದಾಗುವುದಿಲ್ಲ. ಇದನ್ನೆಲ್ಲ ಅವರೇ ಬಿಚ್ಚಿ ಹೇಳಿದರು. "ನಾ ಏನೂ ಆಕೀ ಮ್ಯಾಲ ಹಗೆ ಸಾಧಸಾಕತ್ತಿಲ್ರಿ. ಕಾಗದದಾಗ ದಾರಿ ಇದ್ರ ಬಿಡತೇನಿ. ಇಲ್ಲಂದ್ರ ಯಾಕ ಬಿಡಬೇಕು? ನೀವ ಹೇಳ್ರಿ, ಓದಿದವ್ರು."

ಅಷ್ಟರಲ್ಲಿ ಆ ಹೆಂಗಸು ತಮ್ಮ ಹೊಲದ ಕಡೆಯಿಂದ, ಬೆಳೆ ಮುರಿಯದಂತೆ ಬದು ಹಿಡಿದು ಬಂದರು.

"ನೋಡಿದ್ದಾತೇನ್ರಿ?" ಎಂದರು.

"ಬೇಸಿಗೆಯಲ್ಲಿ ನಾನು ಇಲ್ಲಿ ಬಂದಿದ್ದೆನೇ, ಅಕ್ಕಾರೇ? ಚಪ್ಪಲಿ ಹರಿದಿತ್ತು. ಆ ತುದಿಗೆ ಬನ್ನಿಗಿಡ..."

"ಬ್ಯಾಸಗ್ಯಾಗ ನೀವು ಬಂದಿಲ್ಲ. ಬಂದಿದ್ರ ನನ್ನ ಹೊಲದ ಮೂಲಿಗೇ ಬಂದ ಮುಟ್ಟತಿದ್ರಿ, ನಾ ನೋಡತಿದ್ನಿ. ಮತ್ತ ಬನ್ನಿಗಿಡ ಈ ಕಡೆ ಎಲ್ಲೂ ಇಲ್ರಿ. ಅದು ಬೇವಿನಗಿಡ." ಅವರು ಪಕ್ಕದವರ ಕಡೆ ತಿರುಗಿ, "ಏನೋ ಮೈದುನಾ, ಐತೇನು ಬನ್ನಿಗಿಡ?" ಎಂದರು.

"ಇಲ್ಲವಾ" ಎಂದರು ಅವರು, ಕುಡಗೋಲಿನ ಅಂಚು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತ. ಅದೊಂದರಲ್ಲಿ ಇಬ್ಬರೂ ಒಂದೇ.

ಹಾಗಾದರೆ ನಾನು ನಡೆದ ಆ ದಾರಿ ಯಾವುದು? ಬಸ್ಸಿನಲ್ಲಿ ಅದೇ ಯೋಚನೆ. ರಾಮದುರ್ಗದ ಕಡೆಯ ಯಾವುದೋ ಊರು ಇರಬಹುದು, ಸಿರಸಂಗಿಯ ಹತ್ತಿರದ್ದಿರಬಹುದು. ಇನ್ನೊಂದು ಅನುಮಾನ ಇದಕ್ಕಿಂತ ಕೆಟ್ಟದ್ದು. ಹಳೆಯ ನಕ್ಷೆಯ ಆ ಎರಡು ಸಾಲು ಚುಕ್ಕೆಗಳನ್ನು ಪರದೆಯ ಮೇಲೆ ಎಳೆಯುವಾಗ ನಾನು ಮನಸ್ಸಿನಲ್ಲೇ ಅದರ ಮೇಲೆ ನಡೆದಿರಬಹುದು. ಕೈ ಎಳೆದದ್ದನ್ನು ಕಾಲು ತನ್ನದೆಂದು ಹೇಳುತ್ತಿರಬಹುದು. ಹಿನ್ನೀರಿನ ಹಿರಿಯರು ಹೊಳೆಯನ್ನು ಮನೆಯ ಹತ್ತಿರ ಎಳೆದುಕೊಂಡ ಹಾಗೆ ನಾನೂ ಒಂದು ದಾರಿಯನ್ನು ನನ್ನ ಕಡೆ ಎಳೆದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಕಿತ್ತೂರಿನ ಬಸ್ಸು ಬರುವ ಮುಂಚೆಯೇ ಚೀಟಿ ಬರೆದು ಮುಗಿಸಿದೆ. ಗೆರೆ ಅಳಿಸಿದ್ದು ನಾನು. ಆಧಾರ: ಬೆಳೆ ನಿಂತಾಗ ಒಂದು ಸಲ ನೋಡಿದ್ದು. ತಪ್ಪಿಗೆ ಕಾರಣ: ಹೊಲದವರನ್ನು ಕೇಳಲಿಲ್ಲ. ಸಹಿ. ಹುಡುಗಿ ಬಂದು ಕೈಚೀಲ ಇಟ್ಟು, ಚೀಟಿ ಓದಿದಳು. ನಾನು ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅರ್ಧ ಹೇಳಿದೆ.

"ಬಾಯಿಲೆ ಹೇಳಬ್ಯಾಡ್ರಿ" ಎಂದಳು. "ನಾಳೆ ನಿಮಗ ಮತ್ತ ಬ್ಯಾರೇನರ ನೆನಪಾಗತೈತಿ. ಇದರಾಗ ಬರೀರಿ."

ಪೆನ್ನು ತೆಗೆದು, ಸಹಿಯ ಮೇಲೆ ಉಳಿದಿದ್ದ ಜಾಗದಲ್ಲಿ ಸೇರಿಸಿದೆ: 'ಈ ತಪ್ಪನ್ನು ಮೊದಲು ಸಹೋದ್ಯೋಗಿಯ ಮೇಲೆ ಹೊರಿಸಿದ್ದೆ. ಆಧಾರ ಇರಲಿಲ್ಲ.'

ಅವಳು ಇನ್ನೊಮ್ಮೆ ಓದಿ, ಪರದೆಯ ಅಂಚಿಗೆ ಅಂಟಿಸಿದ್ದ ಪಾಸ್‌ವರ್ಡಿನ ಚೂರು ಕಾಗದವನ್ನು ಉಗುರಿನಿಂದ ಕೆರೆದು ತೆಗೆದಳು. "ಮೊದಲ ನನ್ನ ಹೆಸರ ಮಾಡ್ರಿ. ಆಮ್ಯಾಲ ದಾರಿ."

ಮಾಡಿದೆ. ಇಪ್ಪತ್ತು ನಿಮಿಷ ಹಿಡಿಯಿತು.

ದಾರಿಗೆ ಅದಕ್ಕಿಂತ ಹೆಚ್ಚು ಹಿಡಿಯಿತು. ಮೊದಲಿನ ಹಾಗೆ ಬಂಡಿದಾರಿ ಎಂದು ಹಾಕಿದರೆ ಅದು ವರ್ಷಪೂರ್ತಿ ದಾರಿ ಆಗುತ್ತದೆ. ಆಗ ಪಕ್ಕದವರ ಬೆಳೆ ದಾರಿಯ ಮೇಲೆ ನಿಂತ ಹಾಗೆ ಆಗುತ್ತದೆ, ಅದೂ ನಿಜವಲ್ಲ. ಇಬ್ಬರೂ ಕುಳಿತು ವಾದ ಮಾಡಿದೆವು. ಮಧ್ಯಾಹ್ನದ ಬುತ್ತಿಯನ್ನು ಅವಳು ವಾದ ಮಾಡುತ್ತಲೇ ನನ್ನ ಎದುರಿಗೆ ಬಿಚ್ಚಿದಳು. ಕೊನೆಗೆ ಅವಳದೇ ಪರಿಹಾರ: ಹೊಸದೊಂದು ಬಗೆಯ ಗೆರೆ, ಹಸಿರು ಬಣ್ಣದ್ದು, ಪಕ್ಕದಲ್ಲಿ 'ಕಟಾವಿನಿಂದ ಬಿತ್ತನೆವರೆಗೆ' ಎಂದು ಬರಹ. ಮೋಜಣಿದಾರರನ್ನು ಫೋನಿನಲ್ಲಿ ಕೇಳಿದೆವು. "ಅದನ್ನ ಮೊದಲ ಮಾಡಬೇಕಿತ್ತು" ಎಂದು ಇಟ್ಟರು. ಬೇರೆ ಹಳ್ಳಿಗಳಲ್ಲಿ ಇಂಥ ದಾರಿಗಳನ್ನು ನಾನು ಎಷ್ಟು ಅಳಿಸಿದ್ದೆನೋ. ರಿಜಿಸ್ಟರು ಹಿಡಿದು ಹುಡುಕಿದಾಗ ಏಳು ಸಿಕ್ಕವು. ಏಳಕ್ಕೂ ಚೀಟಿ ಬರೆದೆ. ಸಿಗದೆ ಉಳಿದವು ಎಷ್ಟು ಎಂಬುದು ಈಗಲೂ ಆಗಾಗ ಕುಳಿತಲ್ಲಿಂದ ನನ್ನನ್ನು ಎಬ್ಬಿಸುತ್ತದೆ.

ತಕರಾರಿನ ತಿಂಗಳಿಗೆ ಮೂರು ದಿನ ಉಳಿದಿರುವಾಗ ಹೊಸ ಹಾಳೆ ತೆಗೆದುಕೊಂಡು ನಾನೇ ಹೋದೆ. ಪಕ್ಕದವರ ಜೋಳ ಕೊಯ್ದಾಗಿತ್ತು. ಆ ಹೆಂಗಸಿನ ಹೊಲದಿಂದ ದಾರಿ ಶುರುವಾಗುವ ಜಾಗದಲ್ಲಿ ಜಾಲಿಮುಳ್ಳು ಎಳೆದಿದ್ದರು. ಮುಳ್ಳಿನ ಆ ಕಡೆ ಆ ಹೆಂಗಸಿನ ಬಂಡಿ ತೆನೆ ಹೇರಿಕೊಂಡು ನಿಂತಿತ್ತು, ಎತ್ತುಗಳು ಬಾಲ ಬೀಸುತ್ತಿದ್ದವು. ಅವರು ನೊಗದ ಪಕ್ಕದಲ್ಲಿ ನಿಂತಿದ್ದರು.

ಪಕ್ಕದವರು ಹಾಳೆಯನ್ನು ಬದುವಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ಹೆಂಟೆ ಇಟ್ಟು ನೋಡಿದರು. ಹಸಿರು ಗೆರೆಯ ಮೇಲೆ ಬೆರಳು ಎಳೆದರು.

"ಬಿತ್ತಿದ ಮ್ಯಾಲ?"

"ಬಿತ್ತಿದ ಮೇಲೆ ನಿಮ್ಮ ಹೊಲ. ಯಾರೂ ದಾಟುವಂತಿಲ್ಲ. ಅದನ್ನೂ ಬರೆದಿದ್ದೇವೆ."

"ಕಾಲುವಿ ನೀರ ಬಂದು ನಾ ಎರಡನೇ ಪೀಕ ಹಾಕಿದ್ರ?"

ಇದಕ್ಕೆ ನಮ್ಮ ಫೈಲಿನಲ್ಲಿ ಯಾವ ಬಣ್ಣವೂ ಇರಲಿಲ್ಲ. ಮುಳ್ಳಿನ ಆ ಕಡೆಯಿಂದ ಆ ಹೆಂಗಸು ಅಂದರು: "ನಿನಗ ನೀರ ಬಂದ್ರ ನನಗೂ ಬರತಾವು, ಮೈದುನಾ. ನಾನೂ ಹಾಕತೇನಿ. ಇಬ್ರೂ ಕೂಡೇ ಕೊಯ್ಯೂಣು. ಇವತ್ತಿಂದ ಇವತ್ತ ಮುಗಸು, ಎತ್ತ ನಿಂತ ನಿಂತ ತೆನಿಗೆ ಬಾಯಿ ಹಾಕಾಕತ್ತಾವು."

ಪಕ್ಕದವರು ಮತ್ತೆ ಗೆರೆ ನೋಡಿದರು. "ಒಂದ ಮಾರು ನನ್ನ ಹೊಲದ ಒಳಗ ಜಾಸ್ತಿ ಎಳದೀರಿ" ಎಂದರು. ಹಳೆಯ ನಕ್ಷೆಯಲ್ಲೂ ಅಲ್ಲೇ ಇದೆ ಎಂದು ತೋರಿಸಿದೆ. "ಆವಾಗಿನವ್ರೂ ಜಾಸ್ತಿ ಎಳದಾರ" ಎಂದು ಎದ್ದು, ಕುಡಗೋಲಿನ ತುದಿಯಿಂದ ಮುಳ್ಳನ್ನು ಕೊಕ್ಕೆ ಹಾಕಿ ಬದಿಗೆ ಎಳೆದರು.

ಬಂಡಿ ಬಂತು. ಕೂಳೆ ಮುರಿಯುವ ಸದ್ದು, ಎರೆಮಣ್ಣಿನ ಮೇಲೆ ಎರಡು ಹೊಸ ಪಟ್ಟಿ. ನಾನು ಚಪ್ಪಲಿ ಬಿಟ್ಟು ಅದರ ಹಿಂದೆ ನಡೆದೆ. ಚಪ್ಪಲಿ ಹರಿದಿರಲಿಲ್ಲ. ಮಣ್ಣು ಸುಡುತ್ತದೋ ಇಲ್ಲವೋ ನೋಡಬೇಕಿತ್ತು. ಸುಡಲಿಲ್ಲ, ಬೆಳಗಿನ ತಂಪು ಇನ್ನೂ ಇತ್ತು. ತುದಿಗೆ ಬೇವಿನಗಿಡ. ಚೀಲದಿಂದ ರಿಜಿಸ್ಟರು ತೆಗೆದು, ಮರೆಯುವ ಮುಂಚೆ, ನಿಂತಲ್ಲೇ ಬರೆಯತೊಡಗಿದೆ: 'ಬಂಡಿದಾರಿ ನೋಡಿದೆ. ನಡೆದೆ. ಇದೆ.'

"ಬರಿಯೂದು ಆಮ್ಯಾಲ ಬರೀರಿ" ಎಂದರು ಆ ಹೆಂಗಸು ಹಿಂದಿನಿಂದ. "ಎರಡನೇ ಬಂಡಿ ಬರಾಕತ್ತೈತಿ. ದಾರಿ ಬಿಡ್ರಿ."